ಒಂದು ಗೇಣು ಟೇಪು

ನಲ್ಲಿ ತಿರುಗಿಸಿದ ಮೇಲೆಯೇ ಹೆಂಡತಿ ಗುನುಗುತ್ತಾಳೆ ಎಂಬುದು ಅವನಿಗೆ ಗೊತ್ತಾಗಿ ಮೂರು ತಿಂಗಳಾಗಿತ್ತು. ನೀರಿನ ಸದ್ದಿನಲ್ಲಿ ತನ್ನ ದನಿ ಅಡಗಿಹೋಗುತ್ತದೆಂದು ಅವಳ ಎಣಿಕೆ. ಅಡಗುವುದಿಲ್ಲ. ಮೂವತ್ತು ವರ್ಷಕ್ಕೂ ಮೇಲೆ ಒಂದು ಸದ್ದಿನಿಂದ ಇನ್ನೊಂದನ್ನು ಬಿಡಿಸುವುದನ್ನೇ ಹೊಟ್ಟೆಪಾಡು ಮಾಡಿಕೊಂಡವನಿಗೆ ನಲ್ಲಿನೀರು ಯಾವ ಮಹಾ ಅಡ್ಡಿ? ಅರ್ಧ ಮುಖಕ್ಕೆ ಸೋಪಿನ ನೊರೆ ಬಳಿದುಕೊಂಡು, ರೇಜರನ್ನು ಕೆನ್ನೆಯ ಹತ್ತಿರ ಹಾಗೇ ಹಿಡಿದು, ಬಚ್ಚಲುಮನೆಯ ಬಾಗಿಲಿಗೆ ಕಿವಿಯಾನಿಸಿ ನಿಂತ. ಮದುವೆಯಾದ ಹೊಸದರಲ್ಲಿ ಇದೇ ಗುನುಗನ್ನು ಕೇಳಲೆಂದೇ ಹೀಗೆ ಬಾಗಿಲ ಮರೆಯಲ್ಲಿ ನಿಲ್ಲುತ್ತಿದ್ದುದು ನೆನಪಾಗಿ, ಆಗಿನ ನಿಲ್ಲುವುದಕ್ಕೂ ಈಗಿನದಕ್ಕೂ ಹೊರಗಿನಿಂದ ನೋಡುವವರಿಗೆ ಏನೂ ವ್ಯತ್ಯಾಸ ಕಾಣದು ಅನ್ನಿಸಿ, ನಾಚಿಕೆಯಾಯಿತು. ಆದರೂ ಕೇಳಿಸಿಕೊಂಡ. ಎರಡನೆಯ ಸಾಲು ಏರುವ ರೀತಿ ಅವನಿಗೆ ಗುರುತಿತ್ತು. ಎಲ್ಲರಿಗೂ ಇಷ್ಟವಾಗಲೆಂದು ಅಳೆದು ಸುರಿದು ಏರಿಸಿದ ಏರು. ಹೊರಗೆ ಬಂದು, ‘ಅದೆಲ್ಲಿ ಕೇಳಿದೆ?’ ಎಂದ. ‘ಯಾವುದು?’ ‘ಈಗ ಹಾಡ್ತಿದ್ದೆಯಲ್ಲ, ಅದು.’ ‘ನಾನೆಲ್ಲಿ ಹಾಡಿದೆ? ಪಾತ್ರೆ ತೊಳೀತಿದ್ದೆ.’ ‘ಅದು ಮನುಷ್ಯರು ಮಾಡಿದ ಹಾಡಲ್ಲ ಕಣೇ.’ ಅವಳು ತಿರುಗಿಯೂ ನೋಡದೆ, ‘ಇರಲಿ ಬಿಡಿ, ಪಾತ್ರೆಯನ್ನಂತೂ ಮನುಷ್ಯರೇ ತೊಳೀತಿರೋದು,’ ಅಂದಳು. ಆಮೇಲೆ ನಲ್ಲಿ ನಿಲ್ಲಿಸಿದಳು. ಮನೆ ತಣ್ಣಗಾಯಿತು. ಒದ್ದೆ ಲೋಟಗಳನ್ನು ಒಂದೊಂದಾಗಿ ಮಗುಚಿಡುವ ಸದ್ದು ಮಾತ್ರ ಉಳಿಯಿತು. ಆ ಸದ್ದಿನಲ್ಲಿ ಸಿಟ್ಟಿತ್ತೆಂಬುದನ್ನೂ ಅವನ ಕಿವಿ ಬಿಡದೆ ಕೇಳಿಸಿಕೊಂಡಿತು.

ಗುಮಾನಿಗೆ ಸಂಬಳ ಸಿಗುತ್ತದೆಂದು ಚಿಕ್ಕಂದಿನಲ್ಲಿ ಯಾರಾದರೂ ಹೇಳಿದ್ದರೆ ಅವನು ನಗುತ್ತಿದ್ದ. ಈಗ ಬಸ್ಸಿನಲ್ಲಿ ಡ್ರೈವರ್ ಹಾಕಿದ ಹಾಡು, ಹಣ್ಣಿನಂಗಡಿಯ ಹಾಡು, ಪಕ್ಕದ ಸೀಟಿನವಳ ಕಿವಿಯಿಂದ ಸೋರುವ ಹಾಡು, ಎಲ್ಲದರಲ್ಲೂ ಹಾಡುವವರು ಎಲ್ಲಿ ಉಸಿರೆಳೆದುಕೊಂಡರೆಂದು ಎಣಿಸುತ್ತಾನೆ, ಯಂತ್ರಕ್ಕೆ ಉಸಿರು ಬೇಕಿಲ್ಲವಲ್ಲ. ಯಂತ್ರಗಳು ಹಾಡು ಕಟ್ಟಲು ಕಲಿತ ಮೇಲೆ ದೊಡ್ಡ ಭಾಷೆಗಳು ಹೇಗೋ ತಡೆದುಕೊಂಡವು. ಎಂಟು ಬೀದಿ, ಹತ್ತು ಊರಲ್ಲಿ ಮಾತ್ರ ಆಡುವ ಸಣ್ಣ ಭಾಷೆಗಳು ತಡೆಯಲಿಲ್ಲ. ಅಂಥ ಭಾಷೆಯಲ್ಲಿ ಧ್ವನಿಮುದ್ರಣವಾದದ್ದೇ ಏಳೋ ಎಂಟೋ ಹಾಡು. ಆ ಏಳನ್ನು ನುಂಗಿ ಯಂತ್ರ ದಿನಕ್ಕೆ ಏಳುನೂರು ಕಕ್ಕತೊಡಗಿತು. ಮನುಷ್ಯರು ಹಾಡಿದ್ದು ಅದರಡಿಯಲ್ಲಿ ಎಲ್ಲಿ ಹೂತುಹೋಯಿತೆಂದು ಹುಡುಕಲೂ ಆಗದು. ಕೊನೆಗೊಂದು ಕಾನೂನು ಬಂತು. ರೇಡಿಯೋದವರೂ ಫೋನಿನಲ್ಲಿ ಹಾಡು ಕೇಳಿಸುವವರೂ ಒಂದೊಂದು ಸಣ್ಣ ಭಾಷೆಗೂ ದಿನಕ್ಕೆ ಅರ್ಧ ಗಂಟೆ ಎತ್ತಿಡಬೇಕು, ಆ ಅರ್ಧ ಗಂಟೆಯಲ್ಲಿ ಮನುಷ್ಯರ ಬಾಯಿಂದ ಮನುಷ್ಯರ ಬಾಯಿಗೆ ಬಂದ ಹಾಡೇ ಇರಬೇಕು. ವರ್ಷದಲ್ಲಿ ಒಬ್ಬರಾದರೂ ಹಾಡುಗಾರರು ಇದನ್ನು ಪರೀಕ್ಷಿಸುವ ಮಂಡಳಿಯ ಮುಂದೆ ಪಾಸಾಗದಿದ್ದರೆ ಆ ಭಾಷೆಯ ಅರ್ಧ ಗಂಟೆ ಕೈಬಿಟ್ಟುಹೋಗುತ್ತದೆ. ಕಂಪನಿಗಳು ಕೈಕಟ್ಟಿ ಕೂರುತ್ತವೆಯೇ? ಯಂತ್ರದ ಹಾಡನ್ನು ಯಾರೋ ಹೆಂಗಸಿಗೆ ಬಾಯಿಪಾಠ ಮಾಡಿಸಿ, ನಮ್ಮಜ್ಜಿ ಕಲಿಸಿದ್ದು ಅನ್ನಿಸಿ ಕಳಿಸತೊಡಗಿದವು. ಅಂಥವರಿಗೆ ಅವನು ದುಡಿಯುವ ಮಂಡಳಿಯ ಕಚೇರಿಯಲ್ಲಿ ‘ಗಿಳಿ’ ಎಂದು ಹೆಸರು. ಗಿಳಿ ಹಿಡಿಯುವುದರಲ್ಲಿ ಅವನನ್ನು ಬಿಟ್ಟರಿಲ್ಲ. ಕಚೇರಿಯವರು ಅವನನ್ನು ಕಿವಿಯಣ್ಣ ಎಂದು ಕರೆಯುತ್ತಾರೆ, ಎದುರಿಗೇ. ಬೆನ್ನ ಹಿಂದೆ ಬರಿಯ ಕಿವಿ ಅನ್ನುತ್ತಾರೆಂಬುದು ಅವನಿಗೆ ಕೇಳಿಸಿದೆ. ಕೇಳಿಸದೆ ಇರುತ್ತದೆಯೇ?

ಇವತ್ತಿನದು ಮೇಲ್ಮನವಿ. ಎರಡು ತಿಂಗಳ ಹಿಂದೆ, ರಿಪೇರಿ ಬಟ್ಟೆ ಹೊಲಿಯುವ ಒಬ್ಬ ಹೆಂಗಸು ಕಳಿಸಿದ ಮುದ್ರಣವನ್ನು ಕೇಳಿ, ‘ಅರ್ಜಿದಾರರು ಈ ಹಾಡನ್ನು ತಾಯಿಯ ಬಾಯಿಂದ ಕಲಿತಿಲ್ಲ ಎಂಬುದು ಖಚಿತ’ ಎಂದು ಬರೆದವನು ಅವನೇ. ಸಾಮಾನ್ಯವಾಗಿ ಅವನು ‘ಇರಬಹುದು’, ‘ಅನುಮಾನಕ್ಕೆ ಆಸ್ಪದವಿದೆ’ ಎಂದೆಲ್ಲ ಬಳಸಿ ಬರೆಯುವವನು. ಆವತ್ತು ಮಾತ್ರ ಪೆನ್ನು ತಾನಾಗಿ ‘ಖಚಿತ’ ಎಂದು ಗೀಚಿತ್ತು. ಅದು ಯಾಕೆ ಖಚಿತ ಎಂದು ಯಾರೂ ಕೇಳಿರಲಿಲ್ಲ. ಇವತ್ತು ಕೇಳುತ್ತಾರೆ. ಬಸ್ಸು ತಿರುವಿನಲ್ಲಿ ಓಲಾಡಿದಾಗ ಕಂಬಿಯನ್ನು ಇನ್ನೊಂದು ಕೈಯಲ್ಲೂ ಹಿಡಿದುಕೊಂಡ. ಆ ಭಾಷೆಯಲ್ಲಿ ಈ ವರ್ಷ ಬಂದಿರುವುದು ಅವಳೊಬ್ಬಳ ಅರ್ಜಿ. ಈ ವರ್ಷದ ಕೊನೆಯ ಕಲಾಪವೂ ಇವತ್ತಿನದೇ.

ಮಂಡಳಿಯ ಕೋಣೆ ಎರಡನೆಯ ಮಹಡಿಯಲ್ಲಿ, ಹಲ್ಲಿನ ಆಸ್ಪತ್ರೆಯೊಂದರ ಮೇಲೆ. ಗೋಡೆಗೆಲ್ಲ ಬೂದು ಸ್ಪಂಜು ಅಂಟಿಸಿ, ಟಿಕ್ ಟಿಕ್ ಅನ್ನುತ್ತದೆಂದು ಗಡಿಯಾರ ತೆಗೆಸಿ, ಕುರ್ಚಿಕಾಲಿಗೆ ರಬ್ಬರು ಹಾಕಿಸಿದ್ದರೂ ಕೆಳಗಿನಿಂದ ಹಲ್ಲು ಕೊರೆಯುವ ಸದ್ದು ಸಣ್ಣಗೆ ಏರಿ ಬರುತ್ತಿತ್ತು. ಹೊರಗಿನ ಬೆಂಚಿನ ತುದಿಯಲ್ಲಿ ಅವಳು ಕೂತಿದ್ದಳು. ಮೂವತ್ತೇಳು ವರ್ಷವೆಂದು ಅರ್ಜಿಯಲ್ಲಿತ್ತು. ತೋಳಿಗೆ ಬಣ್ಣಬಣ್ಣದ ನೂಲಿನ ಚೂರುಗಳು ಅಂಟಿದ್ದವು, ತಿರಸ್ಕಾರದ ಪತ್ರವನ್ನು ಪ್ಲಾಸ್ಟಿಕ್ ಕವರಿನಲ್ಲಿಟ್ಟು ಎದೆಗವಚಿಕೊಂಡಿದ್ದಳು. ಅವನನ್ನು ಕಂಡು ಥಟ್ಟನೆ ಎದ್ದು ನಿಂತಳು. ಇಷ್ಟು ಮರ್ಯಾದೆ ಯಾಕೆ? ಯಾರೋ ಹೇಳಿಕೊಟ್ಟು ಕಳಿಸಿದ್ದಾರೆ. ನೂಲಿನ ಚೂರು ಕೂಡ, ಹೊರಡುವಾಗ ಕೊಡವಿಕೊಳ್ಳದೆ ಬರುವವರುಂಟೇ, ಬಡ ದರ್ಜಿ ಎಂದು ನಂಬಿಸಲು ಬೇಕೆಂದೇ ಉಳಿಸಿಕೊಂಡದ್ದಿರಬೇಕು. ಹೀಗೆಲ್ಲ ಯೋಚಿಸಿ ಒಳಗೆ ಕಾಲಿಟ್ಟ ಮೇಲೆ, ತಾನು ಕೂಡ ಬೆಳಿಗ್ಗೆ ಕಿವಿಯ ಹಿಂದೆ ಒಣಗಿದ ಸೋಪಿನ ನೊರೆಯನ್ನು ಒರೆಸಿಕೊಳ್ಳದೆ ಬಂದದ್ದು ಬೆರಳಿಗೆ ತಾಕಿತು.

ಒಳಗೆ ಇಬ್ಬರಿದ್ದರು. ಒಬ್ಬರು ಅಧ್ಯಕ್ಷೆ, ವಕೀಲಿಕೆ ಮಾಡಿದವರು. ಸಂಗೀತ ತನಗೆ ತಿಳಿಯದು ಎಂದು ಬಂದ ದಿನವೇ ಒಪ್ಪಿಕೊಂಡು, ಅಂದಿನಿಂದ ಯಾರಿಗೂ ಮೋಸಹೋಗದಂತೆ ಕೂತಿದ್ದಾರೆ. ಇನ್ನೊಬ್ಬರು ಮೇಷ್ಟ್ರು. ನಲವತ್ತು ವರ್ಷ ಶಾಲೆಯಲ್ಲಿ ಹಾಡು ಕಲಿಸಿದವರು, ಈಗಲೂ ಎಲ್ಲವನ್ನೂ ಬೆರಳು ಮಡಿಸಿ ಎಣಿಸುತ್ತಾರೆ. ಮೂವರಿಗೂ ಅವಳ ಭಾಷೆ ಒಂದಕ್ಷರ ಬಾರದು. ಇದು ಅವನಿಗೆ ಯಾವಾಗಲೂ ಮುಜುಗರ. ಊಟ ಮಾಡದವರು ರುಚಿ ಹೇಳುವ ಹಾಗೆ. ‘ಕೂತ್ಕೋಳಮ್ಮ, ನೀರು ಬೇಕಾ?’ ಎಂದರು ಅಧ್ಯಕ್ಷೆ. ಅವಳು ಕೂರಲಿಲ್ಲ. ಪ್ಲಾಸ್ಟಿಕ್ ಕವರನ್ನು ಮೇಜಿನ ಮೇಲಿಟ್ಟು, ‘ಇದರಲ್ಲಿ ಮಾನವ ಮೂಲದ್ದಲ್ಲ ಅಂತ ಬರೆದಿದೀರಿ ಮೇಡಂ. ಮನೇಲಿ ಎಲ್ಲರೂ ನಗಾಡ್ತಾರೆ. ನಾನು ಸ್ವಲ್ಪ ಹೊತ್ತು ಮಲಗಿದ್ರೆ ನನ್ನ ಮಗಳು, ಅಮ್ಮನ್ನ ಚಾರ್ಜಿಗೆ ಹಾಕಿ ಅಂತಾಳೆ,’ ಅಂದಳು. ಮೇಷ್ಟ್ರು ಫಕ್ಕನೆ ನಕ್ಕರು. ಅವಳೂ ನಕ್ಕಳು, ಆದರೆ ಕಣ್ಣು ನಗಲಿಲ್ಲ. ‘ಅದು ನಿಮಗೆ ಹೇಳಿದ್ದಲ್ಲಮ್ಮ, ಹಾಡಿಗೆ ಹೇಳಿದ್ದು,’ ಎಂದರು ಅಧ್ಯಕ್ಷೆ. ‘ಹಾಡು ಹಾಡಿದ್ದು ನಾನೇ ಅಲ್ವಾ ಮೇಡಂ?’

ಅವಳು ಹಾಡಿದಳು. ನೀರಿನ ಹತ್ತಿರ ಹೋಗಬೇಡವೆಂದು ತಾಯಿ ಮಗುವಿಗೆ ಹೇಳುವ ಹಾಡಂತೆ. ನೀರಿಗೆ ಕಣ್ಣಿಲ್ಲ, ಯಾರ ಮಗು ಎಂದು ಅದಕ್ಕೆ ಗೊತ್ತಾಗುವುದಿಲ್ಲ, ಹೀಗೆ. ದನಿ ಸಣ್ಣದು, ಒಣಗಿದ್ದು, ಎಲ್ಲೂ ಎತ್ತಿ ತೋರಿಸುವ ಆಸೆಯಿಲ್ಲದ್ದು. ಅವನು ಹಾಡು ಕೇಳಲಿಲ್ಲ, ಅವಳ ಭುಜ ನೋಡುತ್ತಿದ್ದ. ಭುಜ ಏಳಲಿಲ್ಲ. ಎರಡು ಸಾಲು ಮುಗಿದರೂ ಉಸಿರು ಎಲ್ಲಿ ತೆಗೆದಳೆಂದು ತಿಳಿಯಲಿಲ್ಲ. ಮೂರನೆಯ ಸಾಲಿನ ನಡುವೆ ಹಾಡು ತೊಡರಿತು. ನಡೆಯುವವರ ಕಾಲಿಗೆ ಮೆಟ್ಟಿಲು ಸಿಗದೆ ಹೋದ ಹಾಗೆ ತಾಳ ಒಂದು ಸಲ ಕುಸಿದು, ಸಾವರಿಸಿಕೊಂಡು ಮುಂದೆ ಹೋಯಿತು. ಹೀಗಾಗುತ್ತದೆಂದು ಅವನಿಗೆ ಗೊತ್ತಿತ್ತು. ಹಾಡು ಮುಗಿದ ಮೇಲೆ ಅಧ್ಯಕ್ಷೆ, ‘ಉಸಿರೇ ತಗೊಳ್ಲಿಲ್ಲವಲ್ಲಮ್ಮ ನೀವು?’ ಎಂದರು. ‘ಕೆಲಸ ಮಾಡ್ತಾ ಬಾಯಲ್ಲಿ ಗುಂಡುಪಿನ್ನು ಕಚ್ಕೊಂಡೇ ಹಾಡೋದು ಮೇಡಂ. ಬಾಯಿ ತೆಗೆದು ಉಸಿರೆಳೆದ್ರೆ ಪಿನ್ನು ಗಂಟಲಿಗೆ ಹೋಗುತ್ತೆ. ಮೂಗಲ್ಲೇ ಅಭ್ಯಾಸ.’ ಅಧ್ಯಕ್ಷೆ ಅವನತ್ತ ನೋಡಿ ಹುಬ್ಬೇರಿಸಿದರು. ಅವನ ಪುಸ್ತಕದಲ್ಲಿ ಗುಂಡುಪಿನ್ನಿನ ಅಧ್ಯಾಯ ಇರಲಿಲ್ಲ. ಮೇಷ್ಟ್ರು ಬೆರಳು ಮಡಿಸುತ್ತ ಹೇಳಿದರು: ‘ಉಸಿರಿನ ವಿಷಯ ಬಿಡೋಣ. ಆಕಾಶವಾಣಿಯ ಹಳೇ ಟೇಪು ನಮ್ಮ ಹತ್ತಿರ ಇದೆ. ಅದಕ್ಕೂ ಇದಕ್ಕೂ ಕೂದಲೆಳೆ ವ್ಯತ್ಯಾಸ ಇಲ್ಲ. ಒಬ್ಬಳೇ ತಾಯಿ ಹತ್ತಿರ ಕಲಿತ ಅಕ್ಕತಂಗಿ ಕೂಡ ಒಂದೇ ಥರ ಹಾಡಲ್ಲ. ಆ ಮೂರನೇ ಸಾಲಿನ ತೊಡರಂತೂ ಅಕ್ಷರಶಃ ಅದೇ. ಯಂತ್ರದ ಹಾಡಲ್ಲೂ ಅದೇ ತೊಡರು.’ ಅವಳ ಮುಖ ಮೊದಲ ಸಲ ಅರಳಿತು. ‘ಅಲ್ಲೇ ಚೆಂದ ಸಾರ್. ಅಲ್ಲಿ ಅಮ್ಮ ಎಡವಿದ ಹಾಗಾಗುತ್ತೆ. ಮಗು ಕೈಬಿಟ್ಟು ನೀರಿನ ಕಡೆ ಓಡಿತೇನೋ ಅನ್ನೋ ಹಾಗೆ. ನಮ್ಮಮ್ಮ ಮಾತ್ರ ಹಾಗೆ ಹಾಡ್ತಿದ್ದದ್ದು.’

‘ನೀವು ಖಚಿತ ಅಂತ ಬರೆದಿದೀರಿ,’ ಅಧ್ಯಕ್ಷೆ ಅವನ ಕಡೆ ತಿರುಗಿದರು. ‘ಹೇಗೆ ಖಚಿತ? ಕಾರಣ ಬರೆದಿಲ್ಲ.’ ಅವನು ಲೋಟ ಎತ್ತಿ ನೀರು ಕುಡಿದ. ಕೆಳಗೆ ಹಲ್ಲು ಕೊರೆಯುವುದು ನಿಂತಿತ್ತು, ಈಗ ಶುರುವಾದೀತು ಎಂದು ಕಾಯುವಾಗಿನ ಮೌನ ಸದ್ದಿಗಿಂತ ಕೆಟ್ಟದು. ಹಿಂದೆ ಅವನು ಕೆಲಸಕ್ಕಿದ್ದ ಆಕಾಶವಾಣಿಯ ಸ್ಟುಡಿಯೋದಲ್ಲೂ ಹೀಗೇ ಇತ್ತು, ಕಿಟಕಿಗೆಲ್ಲ ಕಂಬಳಿ ಹೊದಿಸಿ, ಫ್ಯಾನು ನಿಲ್ಲಿಸಿ, ಬೆವರು ಹನಿಯುವುದು ಕೇಳಿಸುವಷ್ಟು ಮೌನ. ಅವನಿಗಾಗ ಇಪ್ಪತ್ತಾರು. ಬಡಕಲು ಹೆಂಗಸೊಬ್ಬಳು ಮೈಕಿನ ಮುಂದೆ ಸೆರಗಿನ ತುದಿ ಹಿಂಡುತ್ತ ನಿಂತಿದ್ದಳು, ಅದೇ ಭಾಷೆ, ಅದೇ ಹಾಡು. ಮೂರನೆಯ ಸಾಲಿನಲ್ಲಿ ಕೆಮ್ಮಿದಳು. ಕೆಮ್ಮಿ, ಕ್ಷಮೆ ಕೇಳುವವಳಂತೆ ಗಾಜಿನಾಚೆ ಅವನತ್ತ ನೋಡಿ, ಹಾಡಿ ಮುಗಿಸಿದಳು. ಇನ್ನೊಂದು ಸಲ ಹಾಡಿಸಬಹುದಿತ್ತು. ಆದರೆ ಹಿರಿಯ ಇಂಜಿನಿಯರಿಗೆ ಊಟದ ಹೊತ್ತು. ‘ಕೆಮ್ಮನ್ನ ಯಾರಪ್ಪ ಕೇಳ್ತಾರೆ? ತೆಗೆದುಹಾಕು,’ ಎಂದು ಹೊರಟುಹೋದರು. ಅವನು ಬ್ಲೇಡು ತೆಗೆದುಕೊಂಡ. ಒಂದು ಗೇಣು ಟೇಪು, ಕಂದು ಬಣ್ಣದ್ದು, ತೆಳ್ಳಗೆ ಹೊಳೆಯುವಂಥದ್ದು. ಕೆಮ್ಮಿನ ಜೊತೆ ಅದರಾಚೆಯ ಉಸಿರೂ ಎರಡು ಏಟಿನಷ್ಟು ತಾಳವೂ ಹೋಯಿತೆಂದು ಅಂಟಿಸಿದ ಮೇಲೆ ಗೊತ್ತಾಯಿತು. ತಿರುಗಿ ಜೋಡಿಸಬಹುದಿತ್ತು. ಹಸಿವಾಗಿತ್ತು. ಈ ಭಾಷೆಯವರು ಎಷ್ಟು ಜನ ಕೇಳುತ್ತಾರೆ, ಕೇಳಿದರೂ ಯಾರಿಗೆ ತಿಳಿಯುತ್ತದೆ ಎಂದುಕೊಂಡ. ಹೀಗೆ ಅಂದುಕೊಂಡದ್ದನ್ನು ಮಾತ್ರ ಅವನು ಮೂವತ್ತೆರಡು ವರ್ಷದಲ್ಲಿ ಮರೆತದ್ದಿಲ್ಲ. ಆ ಟೇಪೇ ಮೂಲಪ್ರತಿಯಾಯಿತು. ಅದನ್ನೇ ಯಂತ್ರಕ್ಕೆ ತಿನ್ನಿಸಿದರು. ನಾಲ್ಕು ವರ್ಷದ ಹಿಂದೆ ಯಂತ್ರದ ಹಾಡೊಂದರಲ್ಲಿ, ಯಾವುದೋ ಬೇರೆ ಪದ, ಬೇರೆ ರಾಗ, ಆದರೆ ಮೂರನೆಯ ಸಾಲಿನಲ್ಲಿ ತನ್ನ ಬ್ಲೇಡಿನ ಕುಂಟು ಕೇಳಿಸಿದಾಗ ಅವನು ಕುರ್ಚಿಯಿಂದ ಎದ್ದುಬಿಟ್ಟಿದ್ದ. ತಿಳಿದವರು ಪತ್ರಿಕೆಗಳಲ್ಲಿ ಆ ತೊಡರನ್ನು ಆ ಜನರ ವಿಶಿಷ್ಟ ಲಯವೆಂದು ಕೊಂಡಾಡಿದರು. ಅವನು ತುಟಿಪಿಟಿಕ್ಕೆನ್ನಲಿಲ್ಲ. ಅದಕ್ಕೇ ಈ ಹೆಂಗಸಿನ ಮುದ್ರಣ ಕೇಳಿದಾಗ ಮೊದಲು ಹುಟ್ಟಿದ್ದು ಖುಷಿ, ಸಿಕ್ಕಿಬಿದ್ದಳು ಎಂಬ ಖುಷಿ. ತಾಯಿ ಆ ತೊಡರು ಹಾಡಿರಲಿಕ್ಕೇ ಇಲ್ಲ. ಹಾಡಿದ್ದು ಬ್ಲೇಡು. ಅವಳ ಸುಳ್ಳಿಗೆ ಅವನ ಹತ್ತಿರ ಇದ್ದ ಒಂದೇ ಸಾಕ್ಷಿ ಅವನ ಕಳ್ಳತನ.

ಕಾರಣ ಹೇಳುವ ಬದಲು ಅವನು ಪ್ರಶ್ನೆ ಕೇಳಿದ. ಕಟಕಟೆಯಲ್ಲಿ ನಿಂತವನು ಹೂಡುವ ಹಳೆಯ ಆಟ. ‘ನಿಮ್ಮ ತಾಯಿ ಈ ಹಾಡು ಹಾಡೋದನ್ನ ನೀವು ಕಣ್ಣಾರೆ ನೋಡಿದೀರಾ?’ ದನಿ ಅವನಿಗೇ ಗಡುಸಾಗಿ ಕೇಳಿತು. ಅವಳು ತೋಳಿನ ನೂಲು ಕೀಳತೊಡಗಿದಳು. ಒಂದು, ಎರಡು. ‘ಇಲ್ಲ ಸಾರ್,’ ಅಂದಳು. ‘ನನಗೆ ಐದು ವರ್ಷಕ್ಕೇ ಅಮ್ಮ ಹೋದಳು. ಎದೆ ಕಾಯಿಲೆ. ರೇಡಿಯೋದಲ್ಲಿ ಹಾಡಿ ಬಂದು ಆರು ತಿಂಗಳೂ ಇರಲಿಲ್ಲ. ಅವತ್ತು ನಾನೂ ಹೋಗಿದ್ದೆ. ಗಲಾಟೆ ಮಾಡ್ತೀನಿ ಅಂತ ಅಲ್ಲಿನವರೊಬ್ಬರು ನನ್ನ ಎತ್ಕೊಂಡು ಹೋಗಿ ಆಚೆ ಬೆಂಚಿನ ಮೇಲೆ ಕೂರಿಸಿದ್ರು. ಬಾಗಿಲ ಮೇಲೆ ಕೆಂಪು ದೀಪ ಇತ್ತು. ದೀಪ ಆರೋವರೆಗೂ ಉಸಿರೆತ್ತಬಾರದು ಪುಟ್ಟಿ, ಅಂದ್ರು. ನಾನು ಎತ್ತಲಿಲ್ಲ.’ ಮೇಷ್ಟ್ರು ಕೆಮ್ಮಿ ಗಂಟಲು ಸರಿಮಾಡಿಕೊಂಡರು. ‘ಆಮೇಲೆ ಅಮ್ಮನಿಗೆ ಒಂದು ಕ್ಯಾಸೆಟ್ ಕೊಟ್ರು. ಅದನ್ನೇ ಹಾಕಿ ಹಾಕಿ ಕಲಿತೆ. ಅರ್ಜೀಲಿ, ಯಾರ ಬಾಯಿಂದ ಕಲಿತಿರಿ ಅಂತಿತ್ತು. ಕ್ಯಾಸೆಟ್ಟಲ್ಲಿ ಹಾಡೋದು ಅಮ್ಮನೇ ಅಲ್ವಾ? ಅದಕ್ಕೇ ಅಮ್ಮ ಅಂತ ಬರೆದೆ. ಸುಳ್ಳಾಗುತ್ತೆ ಅಂತ ಗೊತ್ತಿರಲಿಲ್ಲ.’ ಅವನು ತನ್ನ ಕೈಗಳನ್ನು ಮೇಜಿನ ಕೆಳಗೆ ಎಳೆದುಕೊಂಡ. ಒಂದು ಮಗುವನ್ನು ಎತ್ತಿಕೊಂಡು ಹೋಗಿ ಕೂರಿಸಿದ ನೆನಪೇ ಅವನಿಗಿಲ್ಲ. ಬೇರೆ ಯಾರೋ ಇರಬಹುದು. ಆದರೆ ಆವತ್ತು ಆ ಪಾಳಿಯಲ್ಲಿ ಇದ್ದವರು ಇಬ್ಬರೇ. ಹಿರಿಯ ಇಂಜಿನಿಯರು ಯಾರ ಮಗುವನ್ನೂ ಎತ್ತಿಕೊಳ್ಳುವ ಜಾತಿಯವರಲ್ಲ.

ಅಧ್ಯಕ್ಷೆ ಮೃದುವಾಗಿಯೇ ಮಾತಾಡಿದರು, ಅದರಿಂದ ಇನ್ನೂ ಕಷ್ಟವಾಯಿತು. ‘ನೋಡಮ್ಮ, ನಿಮ್ಮ ಮಾತನ್ನ ನಂಬ್ತೀನಿ. ಆದರೆ ಅದೇ ಟೇಪಿನಿಂದ ಯಂತ್ರವೂ ಕಲಿತಿದೆ. ಇಬ್ಬರಿಗೂ ಗುರು ಒಂದೇ ಆದ್ರೆ ಕಾನೂನಿಗೆ ಇಬ್ಬರೂ ಒಂದೇ. ಯಂತ್ರದ ಹತ್ತಿರ ಇಲ್ಲದ್ದು ಒಂದಾದ್ರೂ ನಿಮ್ಮ ಹಾಡಲ್ಲಿ ಇರಬೇಕು. ಒಂದು ಮಾತು, ಒಂದು ತಿರುವು, ಏನಾದ್ರೂ ಸರಿ. ಯೋಚನೆ ಮಾಡಿ.’ ಅವಳು ಯೋಚನೆ ಮಾಡಿದಳು. ನೂಲಿನ ಚೂರುಗಳನ್ನು ಉಂಡೆ ಮಾಡಿ ಮುಷ್ಟಿಯಲ್ಲಿ ಹಿಡಿದು, ತುಟಿ ಅಲ್ಲಾಡಿಸುತ್ತ, ಪರೀಕ್ಷೆಯಲ್ಲಿ ಪದ್ಯ ಮರೆತವಳಂತೆ. ‘ಇಲ್ಲ ಮೇಡಂ,’ ಅಂದಳು ಕೊನೆಗೆ. ‘ಕ್ಯಾಸೆಟ್ಟಲ್ಲಿ ಇದ್ದದ್ದೇ ನನ್ನ ಹತ್ತಿರ ಇರೋದು. ನಾನು ಏನನ್ನೂ ಸೇರಿಸಿಲ್ಲ. ಸೇರಿಸಿದ್ರೆ ಅಮ್ಮಂದು ಕೆಡುತ್ತೆ ಅಂತ.’ ಅಧ್ಯಕ್ಷೆ ಪೆನ್ನಿನ ಮುಚ್ಚಳ ತೆಗೆದರು. ಎಂಟು ಬೀದಿಯ ಆ ಜನ ನಾಳೆಯಿಂದ ರೇಡಿಯೋ ಹಾಕಿದರೆ ತಮ್ಮ ಮಾತಿನಲ್ಲಿ ಕೇಳಿಸುವುದೆಲ್ಲ ಯಂತ್ರದ್ದೇ, ಅದೂ ಕುಂಟುತ್ತ. ಸುಮ್ಮನಿದ್ದರೆ ಸಾಕಿತ್ತು. ಸುಮ್ಮನಿರುವುದರಲ್ಲಿ ಅವನು ಪಳಗಿದವನು. ಅವಳು ಕವರನ್ನು ಮೇಜಿನಿಂದ ಎತ್ತಿಕೊಂಡು ಸೆರಗಿನಿಂದ ಒರೆಸಿದಳು, ಆ ಪತ್ರದ ಮೇಲೆ ಧೂಳು ಕೂರಬಾರದು ಎನ್ನುವ ಹಾಗೆ. ಅದನ್ನು ನೋಡಿ ಅವನಿಗೆ ತಡೆಯಲಾಗಲಿಲ್ಲ.

‘ತೊಡರು ಹಾಡಿನದ್ದಲ್ಲ,’ ಎಂದ. ‘ನನ್ನದು.’ ಮೂವರೂ ನೋಡಿದರು. ಅವನು ಹೇಳಿದ: ಬ್ಲೇಡು, ಕೆಮ್ಮು, ಗೇಣು ಟೇಪು, ಊಟದ ಹೊತ್ತು. ಹೇಳುತ್ತ ಹೇಳುತ್ತ ತನ್ನ ದನಿಯಲ್ಲಿ ಒಂದು ನಡುಕ ಬಂದದ್ದು ಕೇಳಿಸಿ, ಇದು ನಿಜವಾದ ನಡುಕವೋ, ಒಪ್ಪಿಕೊಳ್ಳುವವನ ದನಿ ಹೀಗಿರಬೇಕೆಂದು ತಾನೇ ತಂದುಕೊಂಡದ್ದೋ ಎಂದು ಗುಮಾನಿಯಾಯಿತು. ಮೇಷ್ಟ್ರು ಮಡಿಸಿದ ಬೆರಳುಗಳನ್ನು ಹಾಗೇ ಬಿಟ್ಟಿದ್ದರು. ‘ಅಂದ್ರೆ ಕಿವಿಯಣ್ಣ, ನಾಲ್ಕು ವರ್ಷದಿಂದ ನಾವು ಮೂಲಪ್ರತಿ ಅಂತ ಇಟ್ಕೊಂಡಿರೋದು...’ ‘ಹೌದು ಮೇಷ್ಟ್ರೇ.’ ‘ಆ ಲಯದ ಮೇಲೆ ನಾನು ಲೇಖನ ಬೇರೆ ಬರೆದೆನಲ್ಲ ಮಾರಾಯ್ರೇ!’ ಅಧ್ಯಕ್ಷೆ ಪೆನ್ನಿನ ಮುಚ್ಚಳ ಹಾಕಿದರು. ಇವರು ಈಗ ಮನಸ್ಸಿನಲ್ಲಿ ತನ್ನ ಹಳೆಯ ಷರಾಗಳನ್ನೆಲ್ಲ ಒಂದೊಂದಾಗಿ ತಿರುವಿಹಾಕುತ್ತಿದ್ದಾರೆ, ಯಾರಾರನ್ನು ಗಿಳಿ ಎಂದು ಓಡಿಸಿದೆನೆಂದು ನೋಡುತ್ತಿದ್ದಾರೆ ಅನ್ನಿಸಿ ಅವನು ತಲೆ ತಗ್ಗಿಸಿದ. ಬೈಗುಳಕ್ಕೆ ಕಾದ. ಅವಳು ಬೈದರೆ ಹಗುರವಾಗುತ್ತಿತ್ತು.

ಅವಳು ಬೈಯಲಿಲ್ಲ. ಮೇಜನ್ನು ಬಳಸಿ ಅವನ ಹತ್ತಿರ ಬಂದು ನಿಂತಳು. ‘ಅಮ್ಮ ಅಲ್ಲಿ ಕೆಮ್ಮಿದ್ಲಾ?’ ಅಂದಳು. ‘ಹೂಂ.’ ‘ಆ ಚೂರು ಎಲ್ಲಿದೆ ಸಾರ್?’ ‘ಎಸೆದೆ.’ ‘ಎಲ್ಲಿ?’ ಕಸದ ಬುಟ್ಟಿಗೆ, ಮೂವತ್ತೆರಡು ವರ್ಷದ ಹಿಂದೆ, ದಿನಕ್ಕೆ ಎರಡು ಸಲ ಖಾಲಿಯಾಗುವ ತಗಡಿನ ಬುಟ್ಟಿಗೆ. ಅವಳ ಕಣ್ಣು ಆಗಲೇ ಕೋಣೆಯ ಮೂಲೆಯ ಬುಟ್ಟಿಯ ಕಡೆ ಹೋಗಿ ಬಂದದ್ದನ್ನು ಅವನು ನೋಡಿದ. ‘ನೀವು ಕೇಳಿದೀರಲ್ಲ,’ ಅಂದಳು. ‘ಬೇರೆ ಯಾರೂ ಕೇಳಿಲ್ಲ, ನಾನೂ ಕೇಳಿಲ್ಲ, ನೀವು ಕೇಳಿದೀರಿ. ಹೇಗಿತ್ತು?’

ಹೇಗಿತ್ತು? ಬ್ಲೇಡಿನ ಅಂಚು ನೆನಪಿತ್ತು. ಟೇಪನ್ನು ಗೇಣು ಹಾಕಿ ಅಳೆದ ತನ್ನ ಎಡಗೈ ನೆನಪಿತ್ತು. ಆವತ್ತಿನ ಹಸಿವು ನೆನಪಿತ್ತು. ಕೆಮ್ಮು ನೆನಪಿರಲಿಲ್ಲ. ಅವನು ಹುಡುಕಿದ. ಕಂಬಳಿ ಹೊದ್ದ ಕಿಟಕಿ, ಗಾಜಿನಾಚೆ ಕ್ಷಮೆ ಕೇಳುವ ಮುಖ, ತೆರೆದ ಬಾಯಿ, ಅದರಲ್ಲಿ ಸದ್ದಿಲ್ಲ. ಕೇಳಿಸಿಕೊಳ್ಳಬೇಕಾದದ್ದೆಂದು ಅದನ್ನು ಕೇಳಿಸಿಕೊಂಡಿರಲೇ ಇಲ್ಲ, ಅಳೆಯಬೇಕಾದದ್ದೆಂದು ಅಳೆದಿದ್ದ. ನೆನಪಿಲ್ಲಮ್ಮ ಎನ್ನಲು ತಲೆ ಎತ್ತಿದ. ಅವಳು ಉಸಿರು ಬಿಗಿಹಿಡಿದು, ಐದು ವರ್ಷದವಳಂತೆ, ಅವನ ಬಾಯನ್ನೇ ನೋಡುತ್ತಿದ್ದಳು. ಅವನು ಮೂರನೆಯ ಸಾಲನ್ನು, ಅರ್ಥ ತಿಳಿಯದ ಆ ಪದಗಳನ್ನು, ಒಡಕು ದನಿಯಲ್ಲಿ ಎತ್ತಿಕೊಂಡು, ನಡುವೆ ಕೆಮ್ಮಿದ. ಮೊದಲು ಒಂದು ಒಣ ಕೆಮ್ಮು, ಅದನ್ನು ನುಂಗಲು ನೋಡಿ ಸೋತ ಇನ್ನೊಂದು, ಆಮೇಲೆ ಎಳೆದುಕೊಂಡ ಉಸಿರು. ತಾಳಕ್ಕೆ ಸರಿಯಾಗಿ ಎರಡು ಏಟು. ತಾನು ಇಷ್ಟು ವರ್ಷ ಕತ್ತರಿಸಿ ಎಸೆದ ಸಾವಿರಾರು ಜನರ ಕೆಮ್ಮುಗಳಿಂದ ಚೂರುಚೂರು ತೆಗೆದು, ಇಲ್ಲಿ ಹೀಗಿರಬೇಕು ಎಂದು ಹದವಾಗಿ ಜೋಡಿಸಿ ಕೊಟ್ಟೆನೆಂಬುದು ಕೆಮ್ಮಿ ಮುಗಿಸುವಷ್ಟರಲ್ಲಿ ಅವನಿಗೆ ಗೊತ್ತಾಗಿಹೋಯಿತು. ಅವಳ ಎರಡೂ ಕಣ್ಣು ತುಂಬಿದ್ದವು. ‘ಇನ್ನೊಂದ್ಸಲ ಸಾರ್,’ ಅಂದಳು. ಅವನು ಇನ್ನೊಂದು ಸಲ ಕೆಮ್ಮಿದ. ಕೂದಲೆಳೆಯೂ ಬದಲಾಗದಂತೆ ಅದನ್ನೇ ಕೆಮ್ಮಿದ. ಅದನ್ನು ಯಾರೂ ಗಮನಿಸಲಿಲ್ಲ.

ಆಮೇಲೆ ಅವಳು ಹಾಡಿದಳು, ಮೊದಲಿನಿಂದ. ಮೂರನೆಯ ಸಾಲಿನಲ್ಲಿ ಅವನ ಕೆಮ್ಮು ಅವಳ ಗಂಟಲಿನಲ್ಲಿ ಹೆಣ್ಣುದನಿಯಾಗಿ ಬಂತು, ಉಸಿರಿಗೆ ಭುಜ ಎದ್ದಿತು, ತಾಳ ಎಲ್ಲೂ ಕುಸಿಯದೆ ನೆಟ್ಟಗೆ ನಡೆದುಹೋಯಿತು. ಮೇಷ್ಟ್ರು ಬೆರಳಿನಲ್ಲಿ ಎಣಿಸಿ, ಸರಿಹೋಯಿತು ಎಂಬಂತೆ ತಲೆದೂಗಿ, ಕನ್ನಡಕ ತೆಗೆದು ಒರೆಸಿಕೊಂಡರು. ‘ಯಂತ್ರದ ಹತ್ತಿರ ಇದಿಲ್ಲ, ಅಲ್ವಾ?’ ಅಧ್ಯಕ್ಷೆ ಅವನನ್ನು ಕೇಳಿದರು. ‘ಇಲ್ಲ ಮೇಡಂ,’ ಎಂದ. ಅದಂತೂ ನಿಜವಾಗಿತ್ತು. ‘ಕೇಳಿದ ಮನುಷ್ಯರ ಬಾಯಿಂದ ಬಂದಿದೆ. ನನಗಷ್ಟು ಸಾಕು,’ ಎಂದು ಅವರು ಅರ್ಜಿಯ ಮೇಲೆ ಬರೆದು ಸಹಿ ಹಾಕಿ, ಅವನ ಕಡೆ ತಳ್ಳಿದರು. ‘ನಿಮ್ಮ ಟೇಪಿನ ವಿಚಾರ ಬೇರೆ ಮಾತಾಡೋಣ, ನಾಳೆ.’ ಅವನು ಪೆನ್ನು ಹಿಡಿದು ಕೂತ. ಹೇಳಿಬಿಟ್ಟರೆ ಅವಳಿಂದ ಎರಡನೆಯ ಸಲ ಅಮ್ಮನ ಕೆಮ್ಮು ಕಿತ್ತುಕೊಂಡಂತೆ, ಹೇಳದಿದ್ದರೆ ಅವಳ ಅರ್ಧ ಗಂಟೆ ಉಳಿಯುವುದು ತಾನು ಕಟ್ಟಿದ ಸುಳ್ಳಿನ ಮೇಲೆ. ನಾಳೆ ಅವಳ ಮಗಳು ಇದನ್ನೇ ಕಲಿಯುತ್ತಾಳೆ. ಅವನು ಸಹಿ ಹಾಕಿದ. ಅವಳು ಕಾಗದ ಇಸಿದುಕೊಂಡು, ಎರಡು ಕೈಯಲ್ಲೂ ಅವನ ಕೈ ಹಿಡಿದು, ‘ಅಮ್ಮನ್ನ ಪೂರ್ತಿ ಕೇಳಿಸ್ಕೊಂಡಿದ್ದು ನೀವೊಬ್ಬರೇ ಸಾರ್,’ ಅಂದಳು. ಆ ಕೈಯಲ್ಲಿ ನೂಲಿನ ಉಂಡೆ ಒತ್ತುತ್ತಿತ್ತು. ಅವನು, ‘ಹುಷಾರಮ್ಮ, ಮೆಟ್ಟಿಲು ಕಡಿದಾಗಿದೆ,’ ಎಂದ.

ಅವಳು ಮೆಟ್ಟಿಲಿಳಿಯುವುದು ಸ್ಪಂಜಿನ ಗೋಡೆಯಾಚೆಯಿಂದ ಅವನಿಗೆ ಕೇಳಿಸುತ್ತಿತ್ತು. ನಾಲ್ಕು ಮೆಟ್ಟಿಲಿಗೊಮ್ಮೆ ನಿಂತು, ಮೂರನೆಯ ಸಾಲು ಎತ್ತಿ, ಕೆಮ್ಮುತ್ತಿದ್ದಳು. ಮೊದಲೆರಡು ಸಲ ಅದರಲ್ಲಿ ಅವನಿದ್ದ. ಆಮೇಲೆ ಒಣಗಿದ್ದು ಕಡಿಮೆಯಾಗಿ, ಎಲ್ಲೋ ಎದೆಯ ಆಳದಿಂದ ಎದ್ದು ಬರುವಂತಾಯಿತು. ಅವನು ಎದ್ದು ಬಾಗಿಲಿಗೆ ಹೋಗಿ ಕಿವಿಯಾನಿಸಿದ. ಇನ್ನು ಅದು ತನ್ನದೆಂದು ಆಣೆ ಮಾಡಿ ಹೇಳಲೂ ಅವನಿಗೆ ಸಾಧ್ಯವಿರಲಿಲ್ಲ, ಅಲ್ಲವೆಂದು ಹೇಳಲೂ. ಕೆಳಗಿನ ಮಹಡಿಯಲ್ಲಿ ಹಲ್ಲಿನ ಆಸ್ಪತ್ರೆಯ ನರ್ಸು ಹೊರಬಂದು ಕೇಳಿದ್ದು ಸ್ಪಷ್ಟವಾಗಿ ಕೇಳಿಸಿತು: ‘ಯಾಕಮ್ಮ, ಇಷ್ಟೊಂದು ಕೆಮ್ತಿದೀರಿ? ಎಷ್ಟು ದಿನದಿಂದ?’

‘ನಂದಲ್ಲ ಸಿಸ್ಟರ್,’ ಅವಳ ದನಿಯಲ್ಲಿ ಹೆಮ್ಮೆಯಿತ್ತು. ‘ಇದು ನಮ್ಮಮ್ಮಂದು.’